ಹೆಂಚರ್ಡ್ ಒಂದು ಕಡೆ, ಫಾರ್ಫ್ರೇ ಇನ್ನೊಂದು ಕಡೆ: ಹಾರ್ಡಿನ ನಾನು ಪಾಠ ಮಾಡಿದ್ದು ಹೀಗೆ

ಥಾಮಸ್ ಹಾರ್ಡಿಯ 'ದಿ ಮೇಯರ್ ಆಫ್ ಕ್ಯಾಸ್ಟರ್‌ಬ್ರಿಡ್ಜ್' (1886) ಕಾದಂಬರಿನ ಡಿಗ್ರಿ ಹುಡುಗರಿಗೆ ಪಾಠ ಮಾಡೋವಾಗ ವಿಧಿ, ದುರಂತ ನಾಯಕ ಅಂತೆಲ್ಲಾ ಶುರು ಮಾಡಲಿಲ್ಲ. ಒಂದು ಹಾಳೆ ಮಧ್ಯೆ ಗೆರೆ ಎಳೆದು ಎಡಕ್ಕೆ ಹೆಂಚರ್ಡ್, ಬಲಕ್ಕೆ ಫಾರ್ಫ್ರೇ ಅಂತ ಬರೆದು, ಯಾರು ಯಾರ ಕೆಳಗೆ ಕೆಲಸ ಮಾಡ್ತಿದಾರೆ, ಯಾವ ಮನೇಲಿದಾರೆ, ಮೈಮೇಲೆ ಎಂಥ ಬಟ್ಟೆ, ಇಷ್ಟೇ ಅಧ್ಯಾಯದಿಂದ ಅಧ್ಯಾಯಕ್ಕೆ ತುಂಬ್ಕೊಂಡು ಹೋದ್ವಿ.

ಶುರುವಲ್ಲಿ ಹೆಂಚರ್ಡ್ ಹುಲ್ಲು ಕಟ್ಟೋ ಕೂಲಿ, ಜಾತ್ರೆಯಲ್ಲಿ ರಮ್ ಬೆರೆಸಿದ ಗೋಧಿ ಗಂಜಿ ಕುಡಿದು ಹೆಂಡತಿನ ಒಬ್ಬ ನಾವಿಕನಿಗೆ 5 ಗಿನಿಗೆ (ಗಿನಿ ಅಂದ್ರೆ ಆಗಿನ ಇಂಗ್ಲೆಂಡ್ ದುಡ್ಡಿನ ಲೆಕ್ಕ, 21 ಶಿಲಿಂಗ್) ಮಾರಿಬಿಡ್ತಾನೆ. 18-19 ವರ್ಷ ಆದ್ಮೇಲೆ ಅವಳು ಹುಡುಕ್ಕೊಂಡು ಬಂದ್ರೆ ಅವನು ಊರಿನ ಮೇಯರ್, ದೊಡ್ಡ ದವಸದ ವ್ಯಾಪಾರಿ. ಆಗ ಅವಳಿಗೆ ಕಳಿಸೋದು ಎಷ್ಟು ಗೊತ್ತಾ, ಸರಿಯಾಗಿ 5 ಗಿನಿ. ಮಾತಲ್ಲಿ ಏನೂ ಹೇಳಲ್ಲ, ವಾಪಸ್ ಕೊಂಡ್ಕೊಂಡೆ ಅನ್ನೋ ಥರ. ಇವನಿಗೆ ಸಂಬಂಧ ಅಂದ್ರೆ ಪೂರ್ತಿ ತನ್ನದಾಗಿರಬೇಕು ಇಲ್ಲ ಅಂದ್ರೆ ಬೇಡವೇ ಬೇಡ, ಅಮೆರಿಕಕ್ಕೆ ಹೊರಟಿದ್ದ ಸ್ಕಾಟ್‌ಲ್ಯಾಂಡ್ ಹುಡುಗ ಫಾರ್ಫ್ರೇನ ಗೋಗರೆದು ತನ್ನ ಮ್ಯಾನೇಜರ್ ಆಗಿ ನಿಲ್ಲಿಸ್ಕೊಂಡು, ಬೆನ್ನಲ್ಲೇ ತನ್ನ ಗುಟ್ಟೆಲ್ಲಾ ಹೇಳಿಬಿಡೋದೂ ಅದಕ್ಕೇ.

ಹಾಳೆಯಲ್ಲಿ ಎಡದಿಂದ ಬಲಕ್ಕೆ ಮೊದಲ ಬಾಣದ ಗುರುತು ಹಾಕಿದ್ದು ಹೆಂಚರ್ಡ್ ಕೂಲಿಯಾಳು ಏಬಲ್ ವಿಟ್ಲ್ ಪ್ರಸಂಗದಲ್ಲಿ. ದಿನಾ ಲೇಟಾಗಿ ಬರ್ತಾನೆ ಅಂತ ಹೆಂಚರ್ಡ್ ಅವನನ್ನ ಪ್ಯಾಂಟ್ ಕೂಡ ಹಾಕ್ಕೊಳ್ಳೋಕೆ ಬಿಡದೆ ಎಬ್ಬಿಸಿ ಕೆಲಸಕ್ಕೆ ಅಟ್ಟುತ್ತಾನೆ, ಫಾರ್ಫ್ರೇ ಎಲ್ರೆದುರಿಗೇ ಮನೆಗೆ ಹೋಗಿ ಹಾಕ್ಕೊಂಡು ಬಾ ಅಂತಾನೆ. ಮೇಯರ್ ಇನ್ನೂ ಹೆಂಚರ್ಡೇ, ದುಡ್ಡೂ ಅವನದೇ, ಆದ್ರೆ ಆಳುಗಳ ಮನಸ್ಸು ಆಗಲೇ ಆ ಕಡೆ ವಾಲಿದೆ. ಹೆಂಚರ್ಡ್ ದಿವಾಳಿ ಆಗೋದು ಎಷ್ಟೋ ಆಮೇಲೆ, ಮಳೆ ಬರುತ್ತೆ ಅಂತ ಭವಿಷ್ಯಗಾರನ ಮಾತು ನಂಬಿ ದವಸ ಕೊಂಡು, ಬಿಸಿಲು ಬಿತ್ತು ಅಂತ ನಷ್ಟಕ್ಕೆ ಮಾರಿ.

ಬಲಗಡೆ ಕಾಲಂ ತುಂಬ್ತಾ ಹೋಗುತ್ತೆ. ಹೆಂಚರ್ಡ್ ಮನೆ ಫಾರ್ಫ್ರೇದು, ಮುಂದೆ ಮೇಯರ್ ಪಟ್ಟವೂ ಅವನದೇ, ಗೇಟಿನ ಮೇಲಿನ ಹೆಸರಿಗೆ ಬಣ್ಣ ಬಳಿದು ಮೇಲೆ ಫಾರ್ಫ್ರೇ ಹೆಸರು ಬರೆದಿರ್ತಾರೆ, ಹಳೇ ಅಕ್ಷರ ಮಸುಕಾಗಿ ಇನ್ನೂ ಕಾಣ್ತಿರುತ್ತೆ. ಕೊನೆಗೆ ಅದೇ ಅಂಗಳದಲ್ಲಿ ಹೆಂಚರ್ಡ್ ಹುಲ್ಲು ಕಟ್ಟೋ ಕೂಲಿ, ಮೈಮೇಲೆ ಮಾತ್ರ ಸಾಹುಕಾರನಾಗಿದ್ದಾಗಿನ ಸವೆದ ಸೂಟು, ರೇಷ್ಮೆ ಟೋಪಿ. ವಿಟ್ಲ್ ಹೇಳೋದು ಕೇಳಿ, ಫಾರ್ಫ್ರೇ ಕೈಕೆಳಗೆ ವಾರಕ್ಕೆ 1 ಶಿಲಿಂಗ್ ಕಮ್ಮಿ ಸಿಗುತ್ತೆ, ಆದ್ರೂ ಭಯ ಇಲ್ಲವಲ್ಲ, ಈಗಲೇ ನಾನು ಶ್ರೀಮಂತ ಅಂತಾನೆ! ಒಳ್ಳೇ ಯಜಮಾನ ಅನ್ನಿಸ್ಕೊಂಡವನು ಸಂಬಳ ಕಮ್ಮಿ ಮಾಡಿದ್ದು ಯಾರ ಕಣ್ಣಿಗೂ ಬೀಳಲ್ಲ.

ಕ್ಲಾಸಲ್ಲಿ ಎಲ್ರೂ ಫಾರ್ಫ್ರೇ ಪರ ಇದ್ರು, ನನಗೆ ಅವನು ಅಷ್ಟಕ್ಕಷ್ಟೇ. ಕೊನೇ ಅಧ್ಯಾಯದಲ್ಲಿ ಹೆಂಚರ್ಡ್‌ನ ಹುಡುಕ್ತಾ ಹೋದಾಗ ರಾತ್ರಿ ಹೊರಗೆ ಉಳಿದ್ರೆ ಖರ್ಚು ಬೀಳುತ್ತಲ್ಲಾ ಅಂತ ಯೋಚಿಸೋದು ಅವನೇ. ಹೆಂಚರ್ಡ್ ಹಿಂದೆ ಹೋಗಿ ಸಾಯೋವರೆಗೂ ನೋಡ್ಕೊಂಡಿದ್ದು ಆ ವಿಟ್ಲ್, ತನ್ನ ತಾಯಿಗೆ ಹೆಂಚರ್ಡ್ ಯಾವತ್ತೋ ಕಲ್ಲಿದ್ದಲು ಕಳಿಸಿದ್ದ ಅನ್ನೋ ಋಣಕ್ಕೆ. ಇದನ್ನ ಯಾವ ಕಾಲಂಗೆ ಹಾಕ್ತೀರಾ?

ಒಬ್ಬ ಹುಡುಗಿ ಹೆಂಚರ್ಡ್ ಹಳೇ ಪ್ರೇಯಸಿ ಲೂಸೆಟಾಗೂ ಒಂದು ಕಾಲಂ ಬೇಕು ಮೇಡಂ ಅಂದ್ಲು, ಸರಿ ಅಂತ ಹಾಕಿದ್ವಿ. ಚಿಕ್ಕಮ್ಮನ ಆಸ್ತಿ ಬಂದು ಸ್ವಂತ ಮನೆ ಮಾಡ್ಕೊಂಡು ಕೂತಿದ್ದವಳು ಫಾರ್ಫ್ರೇನ ಮದುವೆ ಆಗ್ತಾಳೆ, ಕಥೆ ನಡೆಯೋ ಕಾಲಕ್ಕೆ ಇಂಗ್ಲೆಂಡ್ ಕಾನೂನಲ್ಲಿ ಹೆಂಡತಿ ದುಡ್ಡು ಗಂಡನದು, ಹೆಂಡತಿ ಆಸ್ತಿ ಹೆಂಡತಿಗೇ ಅನ್ನೋ 1882ರ ಕಾಯ್ದೆ ಬರೋಕೆ ಇನ್ನೂ ಎಷ್ಟೋ ವರ್ಷ ಇತ್ತು. ಮೇಯರ್ ಹೆಂಡತಿ ಅಂತ ಮೆರೆದದ್ದೂ ಸ್ವಲ್ಪ ದಿನ, ಹೆಂಚರ್ಡ್‌ಗೆ ಬರೆದಿದ್ದ ಹಳೇ ಕಾಗದಗಳು ಹೆಂಡದಂಗಡಿಯಲ್ಲಿ ಓದಿಸ್ಕೊಂಡ ಮೇಲೆ ಊರವರು ಅವಳ ಗೊಂಬೆ ಮಾಡಿ ಕತ್ತೆ ಮೇಲೆ ಕೂರಿಸಿ ಮೆರವಣಿಗೆ ಮಾಡ್ತಾರೆ, ಆ ಆಘಾತಕ್ಕೇ ಸತ್ತುಹೋಗ್ತಾಳೆ. ಹೆಂಚರ್ಡ್‌ಗೆ ಬೀಳೋಕೆ ಅರ್ಧ ಕಾದಂಬರಿ ಬೇಕಾಯ್ತು, ಇವಳಿಗೆ ಒಂದು ಸಂಜೆ ಸಾಕಾಯ್ತು ಮೇಡಂ ಅಂದ್ಲು ಅದೇ ಹುಡುಗಿ, ಮುಂದಿನ ಕ್ಲಾಸ್ ಪೂರ್ತಿ ಅದರ ಮೇಲೇ ಜಗಳ.