ಅಡುಗೆಮನೆಯಲ್ಲಿ ಮಗುವಿಗೆ ಕೇಳುವ ಒಂದು ಪ್ರಶ್ನೆ

ನಾಲ್ಕೈದು ವರ್ಷದ ಮಕ್ಕಳಿಗೆ ಘನ, ದ್ರವ, ಅನಿಲ ಎಂದು ಬಾಯಿಪಾಠ ಮಾಡಿಸಬೇಡಿ. ಆ ಪದಗಳು ಶಾಲೆಯಲ್ಲಿ ಹೇಗೂ ಬರುತ್ತವೆ. ಮನೆಯಲ್ಲಿ ಕೇಳಬೇಕಾದದ್ದು ಬೇರೆ. "ಇದು ಬದಲಾಯ್ತಲ್ಲ ಪುಟ್ಟಾ, ಮತ್ತೆ ಮೊದಲಿನ ಹಾಗೆ ಆಗುತ್ತಾ?" ನನ್ನ ಮಕ್ಕಳಿಗೂ ಇದನ್ನೇ ಕೇಳಿದ್ದೆ, ಈಗ ಮೊಮ್ಮಕ್ಕಳಿಗೂ ಕೇಳುತ್ತೇನೆ. ಅಂಗಡಿಯಲ್ಲಿ ಮಾರುವ ವಿಜ್ಞಾನದ ಕಿಟ್ ಬೇಕಿಲ್ಲ. ನಾಲ್ಕು ಲೋಟ, ಎರಡು ತಟ್ಟೆ, ಒಗ್ಗರಣೆ ಡಬ್ಬಿ ಸಾಕು. ಉತ್ತರವನ್ನು ಮಾತ್ರ ನೀವು ಮೊದಲೇ ಹೇಳಿಬಿಡಬೇಡಿ. ಮಗು ಏನಾದರೂ ಊಹಿಸಲಿ, ಆಮೇಲೆ ಮಾಡಿ ನೋಡಲಿ.

ಬೆಂಗಳೂರಿನವರಿಗೆ ಡಿಸೆಂಬರ್, ಜನವರಿ ತಿಂಗಳು ಇದಕ್ಕೆ ತುಂಬಾ ಚೆನ್ನ. ಬೆಳಗ್ಗೆ 15-16 ಡಿಗ್ರಿ ಇರುವಾಗ ಕೊಬ್ಬರಿ ಎಣ್ಣೆ ಬಾಟಲಿಯಲ್ಲೇ ಗಟ್ಟಿಯಾಗಿ ಕೂತಿರುತ್ತದೆ. ಅದು ಕರಗುವುದು ಸುಮಾರು 24 ಡಿಗ್ರಿಯಲ್ಲಿ. ಒಂದು ಚೂರು ಗಟ್ಟಿ ಎಣ್ಣೆಯನ್ನು ಮಗುವಿನ ಅಂಗೈಗೆ ಹಾಕಿ, ಸುಮ್ನೆ ಕಾಯಲು ಹೇಳಿ. ಮೈಯ ಬಿಸಿಗೇ ಅದು ಕರಗಿ ಬೆರಳ ಸಂದಿಗೆ ಇಳಿಯುತ್ತದೆ. ಬಟ್ಟಲಲ್ಲಿ ಕರಗಿಸಿ ಫ್ರಿಜ್‌ನಲ್ಲಿಟ್ಟರೆ ಮತ್ತೆ ಗಟ್ಟಿ. ಎಷ್ಟು ಸಲ ಮಾಡಿದರೂ ಅದೇ ಎಣ್ಣೆ.

ಸ್ವಲ್ಪ ದೊಡ್ಡ ಮಕ್ಕಳಿದ್ದರೆ ಇಲ್ಲಿಗೇ ನಿಲ್ಲಿಸಬೇಡಿ. ಕರಗಿದ ಎಣ್ಣೆಗೆ ಗಟ್ಟಿ ಎಣ್ಣೆಯ ತುಂಡೊಂದನ್ನು ಹಾಕಿ. ಪಕ್ಕದಲ್ಲಿ ನೀರಿನ ಲೋಟಕ್ಕೆ ಐಸ್ ಹಾಕಿ. ಎಣ್ಣೆಯ ತುಂಡು ಮುಳುಗುತ್ತದೆ, ಐಸ್ ತೇಲುತ್ತದೆ. ಎಣ್ಣೆ ಗಟ್ಟಿಯಾಗುವಾಗ ಕುಗ್ಗುತ್ತದೆ. ನೀರು ಹಾಗಲ್ಲ, ಹೆಪ್ಪುಗಟ್ಟುವಾಗ ಸುಮಾರು ಶೇ 9ರಷ್ಟು ಹಿಗ್ಗುತ್ತದೆ. ಗಾಜಿನ ಬಾಟಲಿಗೆ ಕಂಠದವರೆಗೆ ನೀರು ತುಂಬಿ ಫ್ರೀಜರ್‌ನಲ್ಲಿ ಇಡಬಾರದು ಎಂದು ಹೇಳುವುದು ಇದಕ್ಕೇ. ಬೇಕಿದ್ದರೆ ಪ್ಲಾಸ್ಟಿಕ್ ಲೋಟದಲ್ಲಿ ಅರ್ಧ ನೀರು ಹಾಕಿ, ಮಟ್ಟಕ್ಕೆ ಪೆನ್ನಿನಲ್ಲಿ ಗೆರೆ ಎಳೆದು ಫ್ರೀಜರ್‌ನಲ್ಲಿಡಿ. ಬೆಳಗ್ಗೆ ಐಸ್ ಗೆರೆ ದಾಟಿರುತ್ತದೆ.

ಐಸ್ ಹಾಕಿದ ಸ್ಟೀಲ್ ಲೋಟದ ಹೊರಗೆ ಹನಿ ಕೂರುವುದನ್ನು ಮಕ್ಕಳು ಲೋಟ ಸೋರುತ್ತಿದೆ ಎಂದೇ ತಿಳಿಯುತ್ತಾರೆ. ವಾದ ಮಾಡಬೇಡಿ. ಒಳಗಿನ ನೀರಿಗೆ ಬೀಟ್‌ರೂಟ್ ರಸ ಬೆರೆಸಿ. ಹೊರಗಿನ ಹನಿಯನ್ನು ಬಿಳಿ ಬಟ್ಟೆಯಲ್ಲಿ ಒರೆಸಿ ನೋಡಿದರೆ ಬಣ್ಣವೇ ಇಲ್ಲ! ಹಾಗಾದರೆ ಆ ನೀರು ಎಲ್ಲಿಂದ ಬಂತು? ಗಾಳಿಯಲ್ಲಿ ಕಣ್ಣಿಗೆ ಕಾಣದಂತೆ ಇದ್ದ ನೀರು ಅದು ಎಂಬುದನ್ನು ಮಗು ತಾನೇ ಹುಡುಕಲಿ, ಒಂದು ದಿನ ತಡವಾದರೂ ಪರವಾಗಿಲ್ಲ. ಮಳೆಗಾಲದಲ್ಲಿ ಹನಿ ಬೇಗ ಕೂರುತ್ತದೆ.

ಉಪ್ಪಿನ ವಿಷಯಕ್ಕೆ ಬರೋಣ. ನೀರಿಗೆ ಹಾಕಿದ ಉಪ್ಪು ಕಾಣೆಯಾಯಿತು ಎಂದರೆ ಇಲ್ಲವಾಯಿತು ಎಂದಲ್ಲ, ಅಲ್ವಾ? 100 ಮಿಲಿಲೀಟರ್ ನೀರಿನಲ್ಲಿ ಸುಮಾರು 36 ಗ್ರಾಂ ಉಪ್ಪು ಕರಗುತ್ತದೆ, ಅದಕ್ಕಿಂತ ಜಾಸ್ತಿ ಹಾಕಿದರೆ ತಳದಲ್ಲಿ ಉಳಿಯುತ್ತದೆ. ಆ ನೀರನ್ನು ಅಗಲ ತಟ್ಟೆಗೆ ತೆಳ್ಳಗೆ ಹರಡಿ ಮಾರ್ಚ್ ತಿಂಗಳ ಬಿಸಿಲಿಗೆ ಟೆರೇಸಿನಲ್ಲಿಡಿ. ನೀರು ಆರಿದ ಮೇಲೆ ಉಪ್ಪಿನ ಹರಳು ವಾಪಸ್.

ನಮ್ಮ ಊರಿನಲ್ಲಿ ಇದನ್ನೇ ಇನ್ನೂ ಚೆನ್ನಾಗಿ ಮಾಡಬಹುದು. ಕಾವೇರಿ ನೀರು, ಬೋರ್‌ವೆಲ್ ನೀರು, ಫಿಲ್ಟರ್ ನೀರು, ಮೂರನ್ನೂ ಒಂದೇ ಅಳತೆಯಲ್ಲಿ ಮೂರು ಸ್ಟೀಲ್ ತಟ್ಟೆಗೆ ಹಾಕಿ ಒಣಗಲು ಬಿಡಿ. ಗಡಸು ಬೋರ್‌ವೆಲ್ ನೀರಿದ್ದ ತಟ್ಟೆಯಲ್ಲಿ ಬಿಳಿ ಕಲೆ ಉಳಿಯುತ್ತದೆ. ಬಿಸಿನೀರು ಕಾಯಿಸುವ ಪಾತ್ರೆಯ ತಳದಲ್ಲಿ ಕಟ್ಟುವ ಬಿಳಿ ಪೊರೆಯೂ ಇದೇ. ಪಾತ್ರೆ ತಣ್ಣಗಿದ್ದಾಗ ಆ ಪೊರೆಯ ಮೇಲೆ ನಿಂಬೆರಸ ಹಿಂಡಿ. ಸಣ್ಣ ಗುಳ್ಳೆಗಳು ಏಳುತ್ತವೆ, ಪೊರೆ ಬಿಡುತ್ತದೆ. ಆ ಪೊರೆ ಮತ್ತೆ ಸಿಗುತ್ತಾ ಎಂದು ಈಗ ಕೇಳಿ.

ನನಗೆ ಎಲ್ಲಕ್ಕಿಂತ ಇಷ್ಟ ಅರಿಶಿನದ ಆಟ. ಅರಿಶಿನಕ್ಕೆ ಸುಣ್ಣ ಬೆರೆಸಿ ಆರತಿ ನೀರು ಕೆಂಪಾಗುವುದನ್ನು ನೀವೆಲ್ಲ ನೋಡಿದ್ದೀರಿ. ಮಕ್ಕಳ ಕೈಗೆ ಸುಣ್ಣ ಬೇಡ, ಕಣ್ಣಿಗೆ ಬಿದ್ದರೆ ಸುಡುತ್ತದೆ. ಅಡುಗೆ ಸೋಡಾ ಸಾಕು. ಅರಿಶಿನ ನೀರಿಗೆ ಸೋಡಾ ಹಾಕಿದರೆ ಕೆಂಪು ಬಣ್ಣಕ್ಕೆ ತಿರುಗುತ್ತದೆ, ನಿಂಬೆರಸ ಬಿಟ್ಟರೆ ನೊರೆ ಎದ್ದು ಮತ್ತೆ ಹಳದಿ. "ವಾಪಸ್ ಬಂತು!" ಎಂದು ಮಗು ಕುಣಿಯುತ್ತದೆ. ಆಗ ನೊರೆಯನ್ನು ತೋರಿಸಿ. ಬಣ್ಣ ಬಂತು ಸರಿ, ಸೋಡಾ ಬಂತಾ? ಆ ಗುಳ್ಳೆಯಲ್ಲಿ ಏನಿತ್ತು? ಸಣ್ಣ ಬಾಟಲಿಗೆ ನಿಂಬೆರಸವೋ ವಿನಿಗರೋ ಹಾಕಿ, ಬಲೂನಿನೊಳಗೆ ಒಂದು ಚಮಚ ಸೋಡಾ ತುಂಬಿ, ಬಲೂನನ್ನು ಬಾಟಲಿ ಬಾಯಿಗೆ ಸಿಕ್ಕಿಸಿ ಮೇಲೆತ್ತಿ. ಸೋಡಾ ಕೆಳಗೆ ಬೀಳುತ್ತಲೇ ಬಲೂನು ಊದಿಕೊಳ್ಳುತ್ತದೆ. ಅದು ಇಂಗಾಲದ ಡೈಆಕ್ಸೈಡ್. ಹೆಸರು ಈಗಲೇ ಹೇಳಬೇಕೆಂದಿಲ್ಲ.

ಇಡ್ಲಿ ಹಿಟ್ಟು ಉಬ್ಬುವುದೂ ಗಾಳಿಯಿಂದಲೇ. ಅರ್ಧ ಲೋಟ ಹಿಟ್ಟನ್ನು ಗಾಜಿನ ಡಬ್ಬಿಗೆ ಹಾಕಿ, ಮಟ್ಟಕ್ಕೆ ರಬ್ಬರ್ ಬ್ಯಾಂಡ್ ಕಟ್ಟಿ, ಮುಚ್ಚಳವನ್ನು ಸಡಿಲವಾಗಿಟ್ಟು ರಾತ್ರಿಯಿಡೀ ಬಿಡಿ. ಈ ಹಿಟ್ಟಿನಿಂದ ಅಕ್ಕಿ, ಉದ್ದು ಬೇರೆ ಮಾಡಿ ಕೊಡು ಎಂದು ಕೇಳಿದರೆ ಮಗುವೇ ನಕ್ಕುಬಿಡುತ್ತದೆ.

ಒಲೆಯ ಕೆಲಸ ಮಾತ್ರ ದೊಡ್ಡವರದ್ದೇ. ಕೆಟಲ್ ಮೂತಿಯ ಹತ್ತಿರ ಏನೂ ಕಾಣದ ಜಾಗವಿರುತ್ತದೆ, ನಿಜವಾದ ಹಬೆ ಅದು. ಆಚೆ ಬೆಳ್ಳಗೆ ಕಾಣುವುದು ಹಬೆ ತಣಿದು ಆದ ಸಣ್ಣ ಹನಿಗಳು. ದೂರದಿಂದಲೇ ತೋರಿಸಿ. ಕರ್ಪೂರ ಕರಗದೆಯೇ ಗಾಳಿಯಾಗಿ ಹೋಗುವುದು ಸೊಗಸೇ ಆದರೂ ಅದನ್ನು ಮಕ್ಕಳ ಕೈಗೆ ಕೊಡಬೇಡಿ, ಬಾಯಿಗೆ ಹೋದರೆ ವಿಷ. ನುಸಿಗುಳಿಗೆಯೂ ಹಾಗೆಯೇ.

ಮೂರು ವರ್ಷದ ಮಗುವಿಗೆ ಇಷ್ಟೆಲ್ಲ ಬೇಡ. ಲೋಟದ ತಳಕ್ಕೆ ಕಾಗದ ತುರುಕಿ, ಬೋರಲು ಹಿಡಿದು ನೇರವಾಗಿ ಬಕೆಟ್ ನೀರಿಗೆ ಒತ್ತಲು ಹೇಳಿ. ಮೇಲೆತ್ತಿದಾಗ ಕಾಗದ ಒಣಗಿಯೇ ಇರುತ್ತದೆ, ಒಳಗೆ ಗಾಳಿ ಜಾಗ ಹಿಡಿದಿತ್ತಲ್ಲ. ಬಕೆಟ್ ಪಕ್ಕದಲ್ಲಿ ಮಗುವನ್ನು ಒಂದು ಗಳಿಗೆಯೂ ಒಂಟಿಯಾಗಿ ಬಿಡಬೇಡಿ, ಆಟ ಮುಗಿದ ತಕ್ಷಣ ಆ ನೀರನ್ನು ಗಿಡಗಳಿಗೆ ಹಾಕಿಬಿಡಿ.