ಕಾರಿನ ವೂಫರ್ ಕೆಟ್ಟಿತು ಅನ್ನೋ ಮುಂಚೆ

ಮೊನ್ನೆ ಹರಿಹರದಿಂದ ನನ್ನ ತಮ್ಮನ ಮಗ ಬಂದಿದ್ದ. "ದೊಡ್ಡಪ್ಪ, ಕಾರಿನ ಸಬ್‌ವೂಫರ್ ಹೋಯ್ತು, ಹೊಸದು ತಗೊಳ್ತೀನಿ" ಅಂದ. ಸಬ್‌ವೂಫರ್ ಅಂದರೆ ಬೇಸ್, ಅಂದರೆ ದಪ್ಪ ಸದ್ದು, ಕೊಡೋ ಸ್ಪೀಕರು; ವೂಫರ್ ಅಂತಲೂ ಅನ್ನುತ್ತೀವಿ. ಹೋಯ್ತು ಅಂತ ಹೇಗೆ ಗೊತ್ತಾಯ್ತು ಅಂತ ಕೇಳಿದೆ. ಸದ್ದೇ ಬರ್ತಿಲ್ಲ ಅಂದ. ಡಿಕ್ಕಿ ತೆಗೆಸಿ ನೋಡಿದೆ. ಸ್ಪೀಕರಿಗೆ ಶಕ್ತಿ ಕೊಡೋ ಆಂಪ್ಲಿಫೈಯರ್‌ನ ಅರ್ಥ್ ವೈರನ್ನು ಕಾರಿನ ತಗಡಿಗೆ ಕೂರಿಸಿದ್ದ ಬೋಲ್ಟ್ ಸಡಿಲಾಗಿತ್ತು, ಅದರ ಕೆಳಗೆ ತುಕ್ಕು ಹಿಡಿದಿತ್ತು. ಎಮರಿ ಪೇಪರ್ ಹಾಕಿ ಉಜ್ಜಿ ಬಿಗಿ ಮಾಡಿದೆವು. ಹತ್ತು ನಿಮಿಷದ ಕೆಲಸ, ವೂಫರ್ ಮೊದಲಿನ ಹಾಗೇ ಗುಂಯ್ ಅಂತು.

ದಾವಣಗೆರೆಯಲ್ಲಿ ಮೂವತ್ತು ವರ್ಷ ಮೈಕ್ ಸೆಟ್ ಬಾಡಿಗೆಗೆ ಕೊಟ್ಟವನು ನಾನು. ಮದುವೆ, ಗಣಪತಿ, ಎರಡು ವರ್ಷಕ್ಕೊಮ್ಮೆ ಬರೋ ದುಗ್ಗಮ್ಮನ ಜಾತ್ರೆ, ಎಲ್ಲಾ ಕಡೆ ಸ್ಪೀಕರ್ ಕಟ್ಟಿದ್ದೇನೆ. ಸುಟ್ಟ ಕಾಯಿಲ್, ಹರಿದ ಕೋನ್ ಎಷ್ಟು ನೋಡಿದ್ದೇನೋ ಲೆಕ್ಕವಿಲ್ಲ. ಕಾಯಿಲ್ ಅಂದರೆ ಸ್ಪೀಕರ್ ಒಳಗಿನ ತಂತಿ ಸುರುಳಿ, ಕೋನ್ ಅಂದರೆ ಅದು ಅಲುಗಿಸೋ ಮುಂದಿನ ಬಟ್ಟಲಿನಂಥ ಭಾಗ. ಕಾರಿನ ವೂಫರ್ ಕೂಡ ಅದೇ ಜಾತಿಯದ್ದು. ಹಾಗಾಗಿ ಮನೆಯ ಮಕ್ಕಳಿಗೆ ಹೇಳೋದನ್ನೇ ಇಲ್ಲಿ ಬರೆಯುತ್ತಿದ್ದೇನೆ. ರಿಪೇರಿಯೋ ಹೊಸದೋ ಅನ್ನೋದು ಆಮೇಲಿನ ಮಾತು. ಪೆಟ್ಟು ಎಲ್ಲಿ ಬಿದ್ದಿದೆ, ಯಾಕೆ ಬಿತ್ತು ಅಂತ ಮೊದಲು ಗೊತ್ತಾಗಬೇಕು.

ಮೊದಲು ಫ್ಯೂಸ್ ನೋಡಿ. ಬ್ಯಾಟರಿ ಹತ್ತಿರ ಒಂದು ಇರುತ್ತದೆ, ಆಂಪ್ಲಿಫೈಯರ್ ಮೇಲೂ ಸಾಮಾನ್ಯವಾಗಿ ಒಂದು ಇರುತ್ತದೆ. ಆಂಪ್ಲಿಫೈಯರ್‌ನಲ್ಲಿ ದೋಷ ತೋರಿಸೋ ಕೆಂಪು ಪ್ರೊಟೆಕ್ಟ್ ಲೈಟ್ ಉರಿಯುತ್ತಿದ್ದರೆ ಆಫ್ ಮಾಡಿ, ಸ್ಪೀಕರ್ ವೈರ್ ಬಿಚ್ಚಿ, ಮತ್ತೆ ಆನ್ ಮಾಡಿ. ಈಗ ಲೈಟ್ ಹೋದರೆ ದೋಷ ಸ್ಪೀಕರಿನಲ್ಲಿದೆ, ಇಲ್ಲವೇ ಅದರ ವೈರ್ ಎಲ್ಲೋ ಕಾರಿನ ತಗಡಿಗೆ ತಾಗುತ್ತಿದೆ. ಆಗಲೂ ಉರಿಯುತ್ತಿದ್ದರೆ ಆಂಪ್ಲಿಫೈಯರ್ ಕಡೆ ನೋಡಬೇಕು, ವೂಫರ್ ಮೇಲೆ ಸುಮ್ನೆ ದುಡ್ಡು ಹಾಕಬೇಡಿ.

ಈಗ ವೂಫರ್‌ಗೆ ಬನ್ನಿ. ಸೆಟ್ ಆಫ್ ಮಾಡಿ. ಎರಡೂ ಕೈಯ ಬೆರಳುಗಳನ್ನು ಕೋನ್ ಮೇಲೆ ಎದುರುಬದುರು ಇಟ್ಟು, ರೊಟ್ಟಿ ತಟ್ಟೋ ಮುಂಚೆ ಹಿಟ್ಟು ಮೆತ್ತಗಿದೆಯಾ ಅಂತ ಒತ್ತಿ ನೋಡುತ್ತೀವಲ್ಲ, ಅಷ್ಟೇ ಹಗುರವಾಗಿ ಸಮನಾಗಿ ಒತ್ತಿ. ಒಂದೇ ಕಡೆ ಒತ್ತಿದರೆ ಒಳ್ಳೆಯ ಕಾಯಿಲ್ ಕೂಡ ಉಜ್ಜುತ್ತದೆ, ಮೋಸ ಹೋಗುತ್ತೀರಿ. ಕೋನ್ ಸದ್ದಿಲ್ಲದೆ ಒಳಗೆ ಹೋಗಿ ತಾನೇ ಈಚೆ ಬಂದರೆ ಒಳ್ಳೆಯದು. ಗರಗರ ಅಂತ ಮರಳು ತಿಕ್ಕಿದ ಹಾಗೆ ಕೈಗೆ ಹತ್ತಿದರೆ ಕಾಯಿಲ್ ಉಬ್ಬಿದೆ ಅಥವಾ ಜಾಗ ತಪ್ಪಿದೆ. ಅಲುಗಾಡದೆ ಗಟ್ಟಿಯಾಗಿ ನಿಂತರೆ ಸುಟ್ಟು ಅಂಟಿಕೊಂಡಿದೆ ಅಂತ ಲೆಕ್ಕ. ಹತ್ತಿರ ಮೂಗಿಟ್ಟು ವಾಸನೆಯನ್ನೂ ನೋಡಿ. ಸುಟ್ಟ ವಾರ್ನಿಷ್ ವಾಸನೆ ಬೇಗ ಹೋಗೋದಿಲ್ಲ.

ಮನೆಯಲ್ಲಿ ಮಲ್ಟಿಮೀಟರ್ ಇದ್ದರೆ ವೈರ್ ಬಿಚ್ಚಿ ಎರಡು ಟರ್ಮಿನಲ್‌ಗೆ ಹಿಡಿಯಿರಿ. 4 ಓಮ್ (ಓಮ್ ಅಂದರೆ ಕರೆಂಟಿಗೆ ಕಾಯಿಲ್ ಒಡ್ಡೋ ತಡೆಯ ಅಳತೆ) ವೂಫರ್ ಆದರೆ 3ರಿಂದ 4ರ ಒಳಗೆ ತೋರಿಸಬೇಕು. ಏನೂ ತೋರಿಸದಿದ್ದರೆ ಕಾಯಿಲ್ ಕಡಿದಿದೆ, ಇಲ್ಲವೇ ಕೋನ್‌ಗೆ ಹೋಗೋ ಹೆಣೆದ ತಂತಿ ಕಿತ್ತಿದೆ. ಸೊನ್ನೆಗೆ ಹತ್ತಿರ ಬಂದರೆ ಶಾರ್ಟ್. ಎರಡು ಕಾಯಿಲ್ ಇರೋ ವೂಫರ್ ಆದರೆ ಎರಡನ್ನೂ ಬೇರೆ ಬೇರೆ ನೋಡಿ. ಮೀಟರ್ ಇಲ್ಲವಾ? 1.5 ವೋಲ್ಟಿನ ಟಾರ್ಚ್ ಸೆಲ್ ತಗೊಂಡು ಎರಡು ತುಂಡು ವೈರಿನಿಂದ ಒಂದು ಕ್ಷಣ ಮುಟ್ಟಿಸಿ ತೆಗೆಯಿರಿ. ಟಪ್ ಅಂತ ಕೋನ್ ಅಲುಗಿದರೆ ಕಾಯಿಲ್‌ಗೆ ಜೀವ ಇದೆ. ಜಾತ್ರೆಯ ಕತ್ತಲಲ್ಲಿ ನಾವು ಮಾಡುತ್ತಿದ್ದ ಪರೀಕ್ಷೆ ಇದೇ.

ಕಾಯಿಲ್ ಚೆನ್ನಾಗಿದ್ದು ಬರೀ ಕೋನ್ ಸುತ್ತಲಿನ ಮೆತ್ತನೆ ಅಂಚು ಹರಿದಿದ್ದರೆ ದಯವಿಟ್ಟು ವೂಫರ್ ಎಸೆಯಬೇಡಿ. ಫೋಮ್ ಅಂಚು ಹತ್ತು ಹದಿನೈದು ವರ್ಷಕ್ಕೆ ತಾನೇ ಪುಡಿಯಾಗುತ್ತದೆ. ನಮ್ಮೂರಿನ ಏಪ್ರಿಲ್ ಬಿಸಿಲಲ್ಲಿ ನಿಂತ ಕಾರಾದರೆ ಇನ್ನೂ ಬೇಗ. ಅಂಚು ಮಾತ್ರ ಬದಲಾಯಿಸಬಹುದು, ಅದು ಕಡಿಮೆ ಖರ್ಚಿನ ಕೆಲಸ. ಪೇಪರ್ ಕೋನ್‌ನಲ್ಲಿ ಸಣ್ಣ ಸೀಳು ಇದ್ದರೆ ತೆಳು ಟಿಶ್ಯೂ ಕಾಗದಕ್ಕೆ ಫೆವಿಕಾಲ್ ಸವರಿ ಎರಡೂ ಕಡೆಯಿಂದ ಹಚ್ಚಿ ಒಂದು ದಿನ ಒಣಗಲು ಬಿಡಿ. ಆದರೆ ಅಂಚಿಗೆ ಫೆವಿಕ್ವಿಕ್ ಮಾತ್ರ ಬೇಡ. ಅದು ಒಣಗಿ ಗಾಜಿನ ಹಾಗೆ ಗಟ್ಟಿಯಾಗುತ್ತದೆ, ಬೇಸ್ ಬಂದಾಗ ಅದರ ಪಕ್ಕದಲ್ಲೇ ಮತ್ತೆ ಸೀಳುತ್ತದೆ. ಅಲ್ಲಿ ಒಣಗಿದ ಮೇಲೂ ಬಳುಕೋ ರಬ್ಬರ್ ಅಂಟೇ ಬೇಕು.

ಇಲಿ ಕಡಿದ ವೂಫರ್‌ಗಳನ್ನೂ ಬಹಳ ಕಂಡಿದ್ದೇನೆ. ಡಿಕ್ಕಿಯಲ್ಲಿ ಮಂಡಕ್ಕಿ ಚೀಲ ಇಟ್ಟು ರಾತ್ರಿ ಹಾಗೇ ಬಿಟ್ಟರೆ ಇಲಿ ಬಂದೇ ಬರುತ್ತದೆ. ಮಂಡಕ್ಕಿ ಮುಗಿಸಿ ಕೋನ್‌ಗೂ ವೈರಿಗೂ ಬಾಯಿ ಹಾಕುತ್ತದೆ. ಡಿಕ್ಕಿ ಗುಡಿಸಿಟ್ಟುಕೊಳ್ಳಿ.

ಕಾಯಿಲ್ ಸುಟ್ಟಿದ್ದರೆ ಯೋಚನೆ ಮಾಡಬೇಕು. ಒಳ್ಳೆಯ ಕಂಪನಿಯದು, ಎರಕದ ಗಟ್ಟಿ ಫ್ರೇಮು, ಭಾರದ ಮ್ಯಾಗ್ನೆಟ್ ಇದ್ದರೆ ಕೋನ್ ಹಾಕಿಸಿ. ಅಂದರೆ ಕಾಯಿಲ್, ಕೋನ್, ಕಾಯಿಲ್ಲನ್ನು ನಡುವೆ ಹಿಡಿದಿಡೋ ಒಳಗಿನ ಸ್ಪೈಡರ್ ಎಲ್ಲಾ ಹೊಸದು, ಫ್ರೇಮ್ ಮತ್ತು ಮ್ಯಾಗ್ನೆಟ್ ಹಳೆಯದು. ಅದೇ ಅಳತೆಯ ಕಾಯಿಲ್ ಸಿಗುತ್ತದಾ ಅಂತ ಮೊದಲೇ ಕೇಳಿ. ಖರ್ಚು ಹೊಸದರ ಬೆಲೆಯ ಅರ್ಧ ದಾಟಿದರೆ ನಾನು ಹೊಸದನ್ನೇ ತಗೊಳ್ಳಿ ಅನ್ನುತ್ತೇನೆ. ಫ್ರೇಮ್ ಸೊಟ್ಟಗಾಗಿದ್ದರೆ, ಮ್ಯಾಗ್ನೆಟ್ ಜರುಗಿದ್ದರೆ ರಿಪೇರಿಯ ಮಾತೇ ಬೇಡ. ವಾರಂಟಿ ಇನ್ನೂ ಇದ್ದರೆ ಯಾವ ಸ್ಕ್ರೂಗೂ ಕೈ ಹಾಕದೆ ಬಿಲ್ ಹಿಡಿದು ಅಂಗಡಿಗೆ ಹೋಗಿ.

ಹೊಸದು ತರೋದಾದರೆ ಇಂಚು ಒಂದನ್ನೇ ನೋಡಬೇಡಿ. ಹಳೆಯದು 4 ಓಮ್ ಇದ್ದರೆ ಹೊಸದೂ 4 ಓಮ್ ಇರಲಿ. 2 ಓಮ್ ತಡೆಯದ ಆಂಪ್ಲಿಫೈಯರ್‌ಗೆ 2 ಓಮ್ ವೂಫರ್ ಹಾಕಿದರೆ ಆಂಪ್ಲಿಫೈಯರ್ ಕಾದು ಕೆಡುತ್ತದೆ. ವಾಟ್ಸ್ ನೋಡುವಾಗ ಡಬ್ಬಿಯ ಮೇಲಿನ ದೊಡ್ಡ ಅಂಕಿ ಬಿಟ್ಟು ಆರ್‌ಎಂಎಸ್, ಅಂದರೆ ಬಿಡದೆ ತಡೆಯೋ ಶಕ್ತಿ, ಎಷ್ಟು ಅಂತ ಓದಿ. ಹೊಸ ವೂಫರ್ ಬೆನ್ನಿಗಿರೋ ಮ್ಯಾಗ್ನೆಟ್ ನಿಮ್ಮ ಪೆಟ್ಟಿಗೆಯ ಆಳಕ್ಕೆ ಕೂರುತ್ತದಾ ಅಂತ ಟೇಪ್ ಹಿಡಿದು ಅಳೆಯಿರಿ.

ಏನೇ ಮಾಡಿದರೂ ಕಾಯಿಲ್ ಯಾಕೆ ಸುಟ್ಟಿತು ಅಂತ ತಿಳಿಯದೆ ಬಿಡಬೇಡಿ. ನಮ್ಮ ಹುಡುಗರು ಮಾಡೋ ತಪ್ಪು ಆಂಪ್ಲಿಫೈಯರ್ ಮೇಲಿನ ಗೇನ್ ತಿರುಪನ್ನು ಕೊನೇವರೆಗೂ ತಿರುಗಿಸೋದು. ಅದು ವಾಲ್ಯೂಮ್ ಅಲ್ಲ, ಸ್ಟೀರಿಯೋದಿಂದ ಬರೋ ಸಿಗ್ನಲ್‌ಗೆ ಆಂಪ್ಲಿಫೈಯರನ್ನು ಹೊಂದಿಸೋ ತಿರುಪು. ಸಣ್ಣ ಆಂಪ್ಲಿಫೈಯರ್‌ನಿಂದ ಅದರ ಶಕ್ತಿ ಮೀರಿ ಎಳೆದರೆ ಸದ್ದು ಒಡೆಯುತ್ತದೆ, ಒಡೆದ ಸದ್ದು ಕಾಯಿಲ್ಲನ್ನು ಕಾಯಿಸುತ್ತದೆ. ಪಿ.ಬಿ. ರೋಡಿನಲ್ಲಿ ಹೋಗುತ್ತಾ ಬೇಸ್ ಬಡಬಡ ಅಂತ ಒಡೆದು ಕೇಳಿಸಿದರೆ ಆಗಲೇ ಕಡಿಮೆ ಮಾಡಿ.

ಕೋನ್ ಹಾಕಿಸಿದಾಗ ಹಳೆಯ ಕಾಯಿಲ್ ವಾಪಸ್ ಕೇಳಿ ಇಸ್ಕೊಳ್ಳಿ. ಸುತ್ತಲೂ ಕಪ್ಪಾಗಿದ್ದರೆ ಅದು ಕಾದು ಸತ್ತಿದೆ, ಗೇನ್ ಸರಿ ಮಾಡಿಸಿ. ಒಂದೇ ಪಕ್ಕ ಗೀರು ಬಿದ್ದಿದ್ದರೆ ಉಜ್ಜಿಕೊಂಡು ಹೋಗಿದೆ. ಆಗ ಫ್ರೇಮ್ ಇನ್ನೊಮ್ಮೆ ನೋಡಿ ಅಂತ ಮೇಸ್ತ್ರಿಗೆ ಹೇಳಿ, ಅವರು ನೋಡಿದ ಮೇಲೆಯೇ ಪೆಟ್ಟಿಗೆಗೆ ಕೂರಿಸಿಕೊಳ್ಳಿ.