ಪಟ್ಟಿಯಲ್ಲಿಲ್ಲದ ಕಾರಿಗೆ ರೀಕಾಲ್ ಪಂಪ್ ಹಾಕಿಸಿಕೊಂಡದ್ದು

ಉಡುಪಿ ರೈಲು ನಿಲ್ದಾಣದ ಹೊರಗೆ, ಇಂದ್ರಾಳಿಯ ನಮ್ಮ ಟ್ಯಾಕ್ಸಿ ಸ್ಟ್ಯಾಂಡಿನಲ್ಲಿ ಒಂದು ಇಡೀ ಮಳೆಗಾಲ ನನ್ನ ಹೆಸರು 'ಪಂಪಣ್ಣ' ಎಂದಾಗಿತ್ತು. ಟ್ಯಾಂಕಿನಿಂದ ಎಂಜಿನ್ನಿಗೆ ಪೆಟ್ರೋಲ್ ತಳ್ಳುವ ಹಳೆಯ ಫ್ಯೂಯಲ್ ಪಂಪನ್ನು ಬಿಸ್ಕತ್ತಿನ ಡಬ್ಬಿಯಲ್ಲಿಟ್ಟು ಡಿಕ್ಕಿಯಲ್ಲಿ ಹೊತ್ತು ತಿರುಗುತ್ತಿದ್ದೆನಲ್ಲ, ಅದಕ್ಕೆ. 2025ರ ಫೆಬ್ರವರಿಯಲ್ಲಿ ಆ ಪಂಪಿನ ಲೆಕ್ಕದಲ್ಲಿ ಕಾರಿನ ಕಂಪೆನಿಯಿಂದ ಹನ್ನೆರಡು ಸಾವಿರದ ಚಿಲ್ಲರೆ ಹಣ ನನ್ನ ಖಾತೆಗೆ ಬಂದು ಬಿದ್ದ ಮೇಲೆ ಆ ಹೆಸರನ್ನು ಯಾರೂ ಎತ್ತಲಿಲ್ಲ. ಈಗ ವಾರಕ್ಕೊಬ್ಬರು ಬಂದು "ಅದು ಹೇಗೆ ಮಾಡಿದಿರಿ ಮಾರಾಯರೇ" ಎಂದು ಕೇಳುತ್ತಾರೆ. ಒಬ್ಬೊಬ್ಬರಿಗೂ ಹೇಳಿ ಗಂಟಲು ಒಣಗಿದೆ. ಒಮ್ಮೆ ಬರೆದಿಟ್ಟರೆ ಮುಗಿಯಿತು.

ಕಂಪೆನಿಯ ಹೆಸರು ಬರೆಯುವುದಿಲ್ಲ. ಅದೇ ಕಾರು ಈಗಲೂ ನನಗೆ ಅನ್ನ ಕೊಡುತ್ತಿದೆ. 2018ರ ಪೆಟ್ರೋಲ್ ಸೆಡಾನ್, ಹಳದಿ ಬೋರ್ಡು. 2021ರಲ್ಲಿ ಮೂಡುಬಿದಿರೆಯ ಕಡೆಯ ಒಬ್ಬ ಚಾಲಕರಿಂದ ಸೆಕೆಂಡ್ ಹ್ಯಾಂಡ್ ಕೊಂಡದ್ದು.

ಮೊದಲ ಸಲ ಕೈಕೊಟ್ಟದ್ದು 2023ರ ಏಪ್ರಿಲ್‌ನಲ್ಲಿ. ಮಣಿಪಾಲದಿಂದ ಶೃಂಗೇರಿಗೆ ಬಾಡಿಗೆ. ಹೆಬ್ರಿ, ಸೋಮೇಶ್ವರ ದಾಟಿ ಆಗುಂಬೆಯ ಹದಿನಾಲ್ಕು ತಿರುವುಗಳಲ್ಲಿ ಅರ್ಧ ಹತ್ತಿರಬೇಕು, ಎಂಜಿನ್ ಸದ್ದಿಲ್ಲದೆ ನಿಂತಿತು. ಜರ್ಕ್ ಇಲ್ಲ, ಹೊಗೆ ಇಲ್ಲ, ನಿಲ್ಲುವ ಮೊದಲು ಮೀಟರಿನಲ್ಲಿ ಎಚ್ಚರಿಕೆಯ ದೀಪವೂ ಇಲ್ಲ. ಸ್ಟೇರಿಂಗ್ ಕಲ್ಲಾಯಿತು. ಹಿಂದೆ ಒಂದು ಮಿನಿ ಬಸ್ಸು ಅಂಟಿಕೊಂಡಿತ್ತು. ಚಕ್ರಕ್ಕೆ ಕಲ್ಲು ಕೊಟ್ಟು ಬಾನೆಟ್ ತೆಗೆದು ಸುಮ್ಮನೆ ನಿಂತೆ. ಹಿಂದಿನ ಸೀಟಿನ ಹಿರಿಯರೊಬ್ಬರು ಹೊರಡುವಾಗ ತೆಂಗಿನಕಾಯಿ ಒಡೆಯಬೇಕಿತ್ತು ಎಂದರು. ಹದಿನೈದು ಇಪ್ಪತ್ತು ನಿಮಿಷ ಬಿಟ್ಟು ಕೀಲಿ ತಿರುಗಿಸಿದರೆ ಏನೂ ಆಗಿಲ್ಲವೆಂಬಂತೆ ಸ್ಟಾರ್ಟ್ ಆಯಿತು. ಈ ರೋಗದ ಕೆಟ್ಟ ಗುಣವೇ ಅದು. ತಣ್ಣಗಾದ ಕೂಡಲೇ ಗುಣ. ಗ್ಯಾರೇಜಿಗೆ ಹೋಗುವಷ್ಟರಲ್ಲಿ ಕಾರು ಪತಿವ್ರತೆ.

ಮುಂದಿನ ಹತ್ತು ತಿಂಗಳು ನಾನು ಸುರಿದ ಹಣದ ಲೆಕ್ಕ ನೆನಪಿನಿಂದ ಹೇಳುತ್ತೇನೆ, ಐವತ್ತು ನೂರು ಆಚೀಚೆ ಇರಬಹುದು. ಸ್ಪಾರ್ಕ್ ಪ್ಲಗ್ಗು ಸಾವಿರದ ಇನ್ನೂರು. ಥ್ರಾಟಲ್ ಬಾಡಿ ಶುಚಿ ಸಾವಿರ. ಒಂದು ಇಗ್ನಿಷನ್ ಕಾಯಿಲ್ ಎರಡೂವರೆ ಸಾವಿರ, ಅದರಲ್ಲಿ ದೋಷವೇ ಇರಲಿಲ್ಲವೆಂದು ಆಮೇಲೆ ಗೊತ್ತಾಯಿತು. ಟ್ಯಾಂಕ್ ಇಳಿಸಿ ತೊಳೆದದ್ದು ಸಾವಿರದ ಎಂಟುನೂರು. ಎಂಜಿನ್ನಿನ ದೋಷದ ಕೋಡ್ ಓದುವ ಸ್ಕ್ಯಾನರ್ ಹಾಕಿದವರಿಗೆಲ್ಲ ಐನೂರು ಐನೂರರಂತೆ ಮೂರು ಸಲ. ಆ ಸ್ಕ್ಯಾನರಿನಲ್ಲಿ ಏನೂ ಸಿಗಲಿಲ್ಲ, ಸಿಗುವುದೂ ಇಲ್ಲ. ನಮ್ಮಂಥ ಕಾರುಗಳಲ್ಲಿ ಇಂಧನದ ಒತ್ತಡ ಅಳೆಯುವ ಸೆನ್ಸರೇ ಇರುವುದಿಲ್ಲ, ಕೋಡ್ ಎಲ್ಲಿಂದ ಬರಬೇಕು? ಬಿಟ್ಟುಹೋದ ಬಾಡಿಗೆಗಳನ್ನು ನಾನು ಲೆಕ್ಕ ಹಾಕಿಲ್ಲ. ಹಾಕಿದರೆ ನಿದ್ದೆ ಬರುವುದಿಲ್ಲ.

ನಡುವೆ ಪೆಟ್ರೋಲಿನ ಮೇಲೂ ಸಂಶಯ ಬಂದಿತ್ತು. ಎಥನಾಲ್ ಜಾಸ್ತಿ ಹಾಕುತ್ತಾರೆ, ಅದಕ್ಕೇ ಹೀಗೆ ಎಂದು ಸ್ಟ್ಯಾಂಡಿನಲ್ಲಿ ಎಲ್ಲರೂ ಹೇಳುತ್ತಿದ್ದರು. ಮಗಳ ಕಾಲೇಜಿನಿಂದ ಅಳತೆಯ ಗಾಜಿನ ಕೊಳವೆ ತರಿಸಿದೆ. ನೂರು ಮಿಲಿ ಕೊಳವೆಗೆ ಹತ್ತು ಮಿಲಿ ನೀರು, ಉಳಿದದ್ದು ಪೆಟ್ರೋಲು, ಚೆನ್ನಾಗಿ ಕುಲುಕಿ ಬಿಟ್ಟರೆ ಎಥನಾಲ್ ನೀರಿನ ಕಡೆ ಸೇರುತ್ತದೆ, ಕೆಳಗಿನ ಪದರ ಎಷ್ಟು ಬೆಳೆಯಿತೆಂದು ನೋಡಿದರಾಯಿತು. ಕಾಪುವಿನಿಂದ ಸುರತ್ಕಲ್‌ವರೆಗೆ ಐದು ಬಂಕುಗಳ ಪೆಟ್ರೋಲು ತಂದು ನೋಡಿದೆ. ಎಲ್ಲದರಲ್ಲೂ ಹತ್ತರಿಂದ ಹದಿಮೂರು ಮಿಲಿಯ ಒಳಗೇ ಬೆಳೆಯಿತು, ಎಂದರೆ ಆಗಿನ ಮಾಮೂಲಿನಷ್ಟೇ. ಬಂಕಿನವರನ್ನು ಬೈದದ್ದು ವ್ಯರ್ಥ. ಅಡುಗೆಮನೆಯಲ್ಲಿ ಪೆಟ್ರೋಲ್ ಕುಲುಕಿದ್ದಕ್ಕೆ ಮನೆಯಲ್ಲಿ ನಾನು ತಿಂದ ಬೈಗುಳ ಬೇರೆ ಲೆಕ್ಕ.

ಕೊನೆಗೆ ಗುಟ್ಟು ಬಿಟ್ಟುಕೊಟ್ಟದ್ದು ವೈರಿಗೆ ಕಚ್ಚಿಸಿ ಕರೆಂಟ್ ಅಳೆಯುವ ಕ್ಲ್ಯಾಂಪ್ ಮೀಟರ್. ಬೈಕಂಪಾಡಿಯ ಲೇತ್ ಅಂಗಡಿಯ ಗೆಳೆಯನಿಂದ ಎರವಲು ತಂದೆ. ಪಂಪಿಗೆ ಕರೆಂಟ್ ಬಿಡುವ ಸ್ವಿಚ್ಚು, ಅಂದರೆ ರಿಲೇ, ಅದನ್ನು ಕಿತ್ತು ಆ ಜಾಗದಲ್ಲಿ ವೈರಿನ ಸುತ್ತು ಕೊಟ್ಟು ಕರೆಂಟ್ ನೋಡುವುದು. ಬೆಳಿಗ್ಗೆ ತಣ್ಣಗಿರುವಾಗ ನಾಲ್ಕೂವರೆ ಆಂಪಿಯರ್. ಮಧ್ಯಾಹ್ನ ಕಾಲು ಟ್ಯಾಂಕ್ ಪೆಟ್ರೋಲಿನಲ್ಲಿ ಕಾರ್ಕಳಕ್ಕೆ ಹೋಗಿ ಬಂದ ಮೇಲೆ ಏಳು, ಏಳೂವರೆ. ನಿಲ್ಲುವ ಮೊದಲು ಒಮ್ಮೆ ಹನ್ನೊಂದು ಮುಟ್ಟಿದ್ದನ್ನು ಕಣ್ಣಾರೆ ಕಂಡೆ. ಒತ್ತಡದ ಗೇಜು ಅದೇ ಹೊತ್ತಿಗೆ ಮೂರೂವರೆ ಬಾರ್‌ನಿಂದ ಒಂದಕ್ಕೆ ಇಳಿದಿತ್ತು. ಕರೆಂಟ್ ಏರುತ್ತಿದೆ, ಒತ್ತಡ ಇಳಿಯುತ್ತಿದೆ ಎಂದರೆ ಮೋಟಾರು ಸತ್ತಿಲ್ಲ, ಒಳಗೆ ಏನೋ ಉಜ್ಜುತ್ತಿದೆ. ಪಂಪನ್ನು ತಣ್ಣಗಿಡುವುದು ಟ್ಯಾಂಕಿನ ಪೆಟ್ರೋಲೇ ಆದ್ದರಿಂದ ಟ್ಯಾಂಕ್ ತುಂಬಿದ್ದಾಗ ಕಾರು ನಿಲ್ಲುತ್ತಿರಲಿಲ್ಲ. ಆ ಒಂದು ಸಂಗತಿ ನನಗೆ ಹತ್ತು ತಿಂಗಳು ಹೊಳೆದಿರಲಿಲ್ಲ ಎಂದು ಹೇಳಿಕೊಳ್ಳಲು ನಾಚಿಕೆಯಾಗುತ್ತದೆ.

ಅಷ್ಟರಲ್ಲಿ ಹೆಜಮಾಡಿಯ ಟೋಲ್ ಹತ್ತಿರ ಒಮ್ಮೆ ಪೂರ್ತಿ ನಿಂತು ಟೋಯಿಂಗ್‌ಗೆ ಮೂರು ಸಾವಿರದ ಎಂಟುನೂರು ಕೊಟ್ಟೆ. ವಿಮಾನ ಹಿಡಿಯಬೇಕಾದ ಗಿರಾಕಿ ಬೇರೆ ಕಾರು ಹತ್ತಿ ಬಜ್ಪೆಗೆ ಹೋದರು. ಮರುದಿನವೇ ಹೊರಗಿನ ಅಂಗಡಿಯಿಂದ ಪಂಪ್ ತಂದೆ, ಎಂಟು ಸಾವಿರದ ಆರುನೂರು. ಹಾಕಿದ ಮೇಲೆ ಕಾಯಿಲೆ ಹೋಯಿತು. ಮೆಕ್ಯಾನಿಕ್ ಹಳೆಯದನ್ನು ಗುಜರಿಗೆ ಎಸೆಯಲು ಹೊರಟಿದ್ದ. ಕೈ ಹಿಡಿದು ತಡೆದೆ. ಬಿಸ್ಕತ್ತಿನ ಡಬ್ಬಿ ಬಂದದ್ದು ಆಗ.

ರೀಕಾಲ್ ಸುದ್ದಿ ಅಷ್ಟರಲ್ಲೇ ಹಳತಾಗಿತ್ತು. ರೀಕಾಲ್ ಎಂದರೆ ದೋಷವಿರುವ ಭಾಗವನ್ನು ಉಚಿತವಾಗಿ ಬದಲಿಸಲು ಕಂಪೆನಿ ಕಾರುಗಳನ್ನು ಕರೆಸಿಕೊಳ್ಳುವುದು; ನಮ್ಮ ಮಾದರಿಯ ಕಾರುಗಳನ್ನು ಇದೇ ಪಂಪಿಗಾಗಿ ಹಿಂದೆಯೇ ಕರೆಸಿಕೊಂಡಿತ್ತು. ಚಾಸಿಸ್ ನಂಬರ್ ಹಾಕಿ ನೋಡಿದರೆ ದಾಖಲೆಯೇ ಇಲ್ಲ ಎಂದು ಬಂತು. ಸರ್ವೀಸ್ ಸೆಂಟರಿನ ಹುಡುಗ ಸೊನ್ನೆಯ ಜಾಗದಲ್ಲಿ ಇಂಗ್ಲಿಷಿನ ಓ ಒತ್ತಿದ್ದ. ಚಾಸಿಸ್ ನಂಬರಿನ ಹದಿನೇಳು ಅಕ್ಷರಗಳಲ್ಲಿ ಐ, ಓ, ಕ್ಯೂ ಇರುವುದೇ ಇಲ್ಲ, ಅದು ನೆನಪಿರಲಿ. ಸರಿಪಡಿಸಿ ಒತ್ತಿದಾಗ, 'ಈ ವಾಹನಕ್ಕೆ ರೀಕಾಲ್ ಅನ್ವಯಿಸುವುದಿಲ್ಲ'. ನನ್ನ ಕಾರು ತಯಾರಾದದ್ದು ಪಟ್ಟಿಯ ಅವಧಿಗಿಂತ ಕೆಲವು ತಿಂಗಳು ಮೊದಲು. ಪಟ್ಟಿಯಲ್ಲಿ ಇದ್ದವರಿಗೂ ಬೇರೆ ತೊಂದರೆ ಇದೆ, ಸೆಕೆಂಡ್ ಹ್ಯಾಂಡ್ ಕಾರಾದರೆ ಸಂದೇಶ ಮೊದಲ ಮಾಲೀಕರ ಮೊಬೈಲಿಗೆ ಹೋಗಿರುತ್ತದೆ. ಆರ್‌ಸಿ ಬದಲಾದರೆ ಕಂಪೆನಿಯ ಪುಸ್ತಕದಲ್ಲಿ ಹೆಸರು ತಾನಾಗಿ ಬದಲಾಗುವುದಿಲ್ಲ. ನಮ್ಮ ಸ್ಟ್ಯಾಂಡಿನಲ್ಲೇ ಒಬ್ಬರ ಕಾರಿನ ರೀಕಾಲ್ ಸಂದೇಶ ದುಬೈಯಲ್ಲಿ ಓದದೆ ಬಿದ್ದಿತ್ತು.

ಹಾಗಾದರೆ ಪಟ್ಟಿಯಲ್ಲಿಲ್ಲದ ಕಾರಿಗೆ ಪಟ್ಟಿಯ ರೋಗ ಹೇಗೆ ಬಂತು? ಮೂಡುಬಿದಿರೆಯ ಹಳೆಯ ಮಾಲೀಕರಿಗೆ ಫೋನ್ ಮಾಡಿದೆ. "ಒಂದು ಸಲ ಪಂಪ್ ಬದಲಾಯಿಸಿ ಕೊಟ್ಟಿದ್ದರಲ್ಲ, ವಾರಂಟಿಯಲ್ಲಿ," ಎಂದರು. ಸರ್ವೀಸ್ ಇತಿಹಾಸದ ಪ್ರತಿ ತೆಗೆಸಿದರೆ 2020ರ ಜಾಬ್ ಕಾರ್ಡಿನಲ್ಲಿ, ಅಂದರೆ ಸರ್ವೀಸ್ ಸೆಂಟರಿನವರು ಮಾಡಿದ ಕೆಲಸ ಬರೆದಿಡುವ ಹಾಳೆಯಲ್ಲಿ, ಅದು ಇತ್ತು. ಕಾರು ಒಳ್ಳೆಯ ಕಾಲದ್ದು, ಬಿಡಿಭಾಗವಾಗಿ ಬಂದು ಕುಳಿತ ಪಂಪ್ ಕೆಟ್ಟ ಕಾಲದ್ದು! ಡಬ್ಬಿಯಿಂದ ಪಂಪ್ ತೆಗೆದು ಅದರ ಮೇಲೆ ಕೊರೆದ ಸಂಖ್ಯೆಯನ್ನು ಓದಿದೆ. ಸ್ಟ್ಯಾಂಡಿನ ಇನ್ನೊಂದು ಕಾರಿನಿಂದ ರೀಕಾಲ್‌ನಲ್ಲಿ ತೆಗೆದ ಪಂಪಿನ ಫೋಟೊ ಅದೃಷ್ಟಕ್ಕೆ ಅದರ ಮಾಲೀಕರ ಬಳಿ ಇತ್ತು. ಸಂಖ್ಯೆಯ ಮೊದಲ ಐದು ಅಂಕಿಗಳು ಒಂದೇ.

ಸರ್ವೀಸ್ ಸೆಂಟರಿನವರು ಒಪ್ಪಲಿಲ್ಲ. "ಸಿಸ್ಟಮ್ ತೆಗೆದುಕೊಳ್ಳುವುದಿಲ್ಲ ಸರ್." ಸ್ಟ್ಯಾಂಡಿನಲ್ಲಿಯೂ ಅದೇ ರಾಗ. ಹಳದಿ ಬೋರ್ಡಿನವರಿಗೆ ಕಂಪೆನಿ ಹಣ ಕೊಟ್ಟದ್ದು ಎಲ್ಲಾದರೂ ಉಂಟೇ ಎಂದು ನಕ್ಕರು.

ಆ ಮಳೆಗಾಲದಲ್ಲಿ ಬಾಡಿಗೆ ಕಡಿಮೆ ಇದ್ದುದರಿಂದ ಇನ್ನೊಂದು ಆಟ ಆಡಿದೆ. ನನ್ನ ಪಂಪನ್ನು ಬಿಚ್ಚಲು ಕೈ ತುರಿಸುತ್ತಿತ್ತು, ಆದರೆ ಬಿಚ್ಚಿದರೆ ಸಾಕ್ಷಿ ಕೆಟ್ಟಿತು. ಮಂಗಳೂರಿನ ಗುಜರಿಯಿಂದ ಇನ್ನೂರೈವತ್ತು ರೂಪಾಯಿಗೆ ಅದೇ ಜಾತಿಯ ಎರಡು ಪಂಪ್ ತಂದು ಕತ್ತರಿಸಿ, ಒಳಗೆ ತಿರುಗಿ ಪೆಟ್ರೋಲ್ ತಳ್ಳುವ ಇಂಪೆಲ್ಲರ್ ತೆಗೆದೆ. ಬೆರಳುಗಳ ನಡುವೆ ಹಿಡಿಯುವಷ್ಟು ಸಣ್ಣ ಪ್ಲಾಸ್ಟಿಕ್ ಬಿಲ್ಲೆ, ಅಂಚಿನಲ್ಲಿ ಹಲ್ಲು. ಜಗತ್ತಿನಾದ್ಯಂತ ಬೇರೆ ಬೇರೆ ಕಂಪೆನಿಗಳು ಲಕ್ಷಗಟ್ಟಲೆ ಕಾರುಗಳನ್ನು ಕರೆಸಿಕೊಂಡದ್ದು ಈ ಬಿಲ್ಲೆಗಾಗಿ. ಸಾಂದ್ರತೆ ಕಡಿಮೆಯಾದ ರಾಳದಲ್ಲಿ ಎರಕ ಹೊಯ್ದದ್ದು ಪೆಟ್ರೋಲ್ ಹೀರಿ ಉಬ್ಬಿ ಕವಚಕ್ಕೆ ತಾಗುತ್ತದೆ. ಎರಡನ್ನೂ ಒಂದು ವಾರ ಒಣಗಿಸಿ ಮೈಕ್ರೋಮೀಟರಿನಲ್ಲಿ ಅಳೆದು ಉಪ್ಪಿನಕಾಯಿ ಬಾಟಲಿಯಲ್ಲಿ ಪೆಟ್ರೋಲಿಗೆ ಹಾಕಿಟ್ಟೆ. ಮೂರು ವಾರದ ಮೇಲೆ ಒಂದು ಬಿಲ್ಲೆ ಸುಮಾರು ಐದು ನೂರಂಶ ಮಿಲಿಮೀಟರ್ ದಪ್ಪಗಾಗಿತ್ತು, ಇನ್ನೊಂದು ಅಲ್ಲಾಡಿರಲಿಲ್ಲ. ಐದು ನೂರಂಶ ಎಂದರೆ ತಲೆಗೂದಲಿನಷ್ಟು. ಆ ಪಂಪಿನೊಳಗೆ ಇರುವ ಸಂದೂ ಸರಿಸುಮಾರು ಅಷ್ಟೇ. ಬಿಸಿಲಿನಲ್ಲಿಟ್ಟರೆ ಅರ್ಧ ಇಳಿಯಿತು, ಪೂರ್ತಿ ಇಳಿಯಲಿಲ್ಲ. ಕಾದ ಎಣ್ಣೆಯಲ್ಲಿ ಹಾಕಿ ನೋಡುವ ಯೋಚನೆಯೂ ಇತ್ತು, ಮನೆಯವರು ಬಾಣಲೆ ಬಚ್ಚಿಟ್ಟರು.

ದಾರಿ ತೆರೆದದ್ದು ಅಕ್ಟೋಬರ್‌ನಲ್ಲಿ. 2024ರ ಆ ತಿಂಗಳು ಹೋಂಡಾ ಇದೇ ಬಗೆಯ ಫ್ಯೂಯಲ್ ಪಂಪಿಗಾಗಿ 90,468 ಹಳೆಯ ಕಾರುಗಳನ್ನು ಕರೆಸಿಕೊಂಡಿತು. ನನ್ನ ಕಾರು ಆ ಕಂಪೆನಿಯದ್ದಲ್ಲ. ಆದರೆ ಸುದ್ದಿಯ ಬಾಲದಲ್ಲಿ ಇನ್ನೊಂದು ಸಂಖ್ಯೆ ಇತ್ತು, 2,204. ಅವು ಮೊದಲು ಬಿಡಿಭಾಗವಾಗಿ ಆ ಪಂಪ್ ಹಾಕಿಸಿಕೊಂಡಿದ್ದ ಕಾರುಗಳು. ಓದಿ ಕುರ್ಚಿಯಿಂದ ಎದ್ದೆ. ಒಂದು ಕಂಪೆನಿ ತಾನಾಗಿ ಒಪ್ಪಿಕೊಂಡು ಕರೆಸುವ ಸಂಗತಿಯನ್ನು ಇನ್ನೊಂದು ಕಂಪೆನಿಯ ಸಿಸ್ಟಮ್ ಏಕೆ ತೆಗೆದುಕೊಳ್ಳುವುದಿಲ್ಲ?

ಕಾಗದಕ್ಕಿಂತ ಮೊದಲು ಕಣ್ಣಿಗೆ ತೋರಿಸಬೇಕು ಎಂದು ನಿಶ್ಚಯಿಸಿದೆ. ಹೊಸ ಪಂಪ್ ತೆಗೆದು ಹಳೆಯ ರೋಗಿಷ್ಠ ಪಂಪನ್ನು ಮತ್ತೆ ಕೂರಿಸಿ, ಗಿರಾಕಿಗಳಿಲ್ಲದೆ ಒಬ್ಬನೇ ಮಂಗಳೂರಿನ ಸರ್ವೀಸ್ ಸೆಂಟರಿಗೆ ಹೊರಟೆ. ಮೊದಲ ದಿನ ಪಡುಬಿದ್ರಿಯಲ್ಲಿ ಅಕಾಲ ಮಳೆ ಹಿಡಿಯಿತು, ಕಾರು ಕುದುರೆಯಂತೆ ಓಡಿತು, ಅಲ್ಲಿ ಗಿರಾಕಿಗಳ ದೂರು ಕೇಳುವ ಅಡ್ವೈಸರ್ ಕಾಫಿ ಕೊಟ್ಟು ಕಳುಹಿಸಿದರು. ಎರಡನೆಯ ದಿನ ತಲುಪುವ ಮೊದಲೇ ನಂತೂರು ವೃತ್ತದ ನಟ್ಟನಡುವೆ ನಿಂತು, ನಾಲ್ಕೂ ದಿಕ್ಕಿನ ಲಾರಿಗಳಿಂದ ಬೈಸಿಕೊಂಡು, ಟ್ರಾಫಿಕ್ ಪೊಲೀಸರ ಕೈಯಿಂದ ತಳ್ಳಿಸಿಕೊಂಡೆ. ಸರ್ವೀಸ್ ಸೆಂಟರ್ ಮುಟ್ಟುವಾಗ ಮತ್ತೆ ಗುಣ. ಹೀಗೆ ಮಾಡಬೇಡಿ, ಅಪಾಯ. ನಾನು ಮಾಡಿದ್ದು ಹಟಕ್ಕೆ.

ಮೂರನೆಯ ದಿನ ಸರ್ವೀಸ್ ಸೆಂಟರಿನ ಅಂಗಳದಲ್ಲಿಯೇ, ಅಡ್ವೈಸರ್ ಮತ್ತು ವರ್ಕ್ಸ್ ಮ್ಯಾನೇಜರ್ ಇಬ್ಬರ ಎದುರು, ಕ್ಲ್ಯಾಂಪ್ ಮೀಟರ್ ಹತ್ತು ತೋರಿಸಿ ಎಂಜಿನ್ ನಿಂತಿತು. ಬೇಕಾದ ಜಾಗದಲ್ಲಿ, ಬೇಕಾದ ಹೊತ್ತಿಗೆ ಅದನ್ನು ಹೇಗೆ ನಿಲ್ಲಿಸಿದೆ ಎಂದು ಸ್ಟ್ಯಾಂಡಿನವರು ಈಗಲೂ ಕೇಳುತ್ತಾರೆ. ಕಾಲು ಟ್ಯಾಂಕ್ ಪೆಟ್ರೋಲ್, ಮಧ್ಯಾಹ್ನದ ಎರಡು ಗಂಟೆ. ಇದರ ಜೊತೆಗೆ ಇನ್ನೊಂದು ಸಂಗತಿ ಇದೆ. ಅದು ನನ್ನಲ್ಲಿಯೇ ಇರಲಿ.

ಅಲ್ಲಿಯೇ ಜಾಬ್ ಕಾರ್ಡಿನಲ್ಲಿ 'ಬಿಸಿಯಾದಾಗ ಎಂಜಿನ್ ನಿಲ್ಲುವುದು ಕಂಡುಬಂದಿದೆ' ಎಂದು ಬರೆಸಿಕೊಂಡೆ. ಅಡ್ವೈಸರ್ ಹಿಂದೇಟು ಹಾಕಿದರು, ಮ್ಯಾನೇಜರ್ ಬರೆಯಿರಿ ಎಂದರು. ಆ ಮನುಷ್ಯ ಒಳ್ಳೆಯವರು. ಈ ಒಂದು ಸಾಲು ಇಲ್ಲದಿದ್ದರೆ ಉಳಿದ ಕಾಗದಗಳೆಲ್ಲ ಕಡಲೆ ಕಟ್ಟಲು ಯೋಗ್ಯ.

ನವೆಂಬರ್‌ನಲ್ಲಿ ಕಂಪೆನಿಯ ಮುಖ್ಯ ಕಚೇರಿಗೆ ಎರಡು ಪುಟದ ಪತ್ರ. 2020ರ ಜಾಬ್ ಕಾರ್ಡ್, ಪಂಪಿನ ಸಂಖ್ಯೆಯ ಫೋಟೊ, ಆಂಪಿಯರ್ ಲೆಕ್ಕ, ಟೋಯಿಂಗ್ ರಸೀದಿ, ಪಂಪಿನ ಬಿಲ್ಲು. ಅದರ ಹಿಂದೆಯೇ ಸರ್ಕಾರದ ವಾಹನ್ ಪೋರ್ಟಲ್‌ನಲ್ಲಿ ದೂರು. 2019ರ ಮೋಟಾರು ವಾಹನ ತಿದ್ದುಪಡಿಯ 110ಎ ಕಲಮಿನಲ್ಲಿ ರೀಕಾಲ್ ಮಾಡಿಸುವ ಅಧಿಕಾರ ಸರ್ಕಾರಕ್ಕಿದೆ. ನಿಯಮಗಳು 2021ರ ಏಪ್ರಿಲ್ 1ರಿಂದ ಜಾರಿಯಲ್ಲಿವೆ, ವಾಹನಕ್ಕೆ ಏಳು ವರ್ಷ ದಾಟಿರಬಾರದು. ನನ್ನದಕ್ಕೆ ಆರು ತುಂಬಿ ಓಡುತ್ತಿತ್ತು, ಅದಕ್ಕೇ ಅವಸರ. ತಪ್ಪಿತಸ್ಥ ಕಂಪೆನಿಗೆ ಹತ್ತು ಲಕ್ಷದಿಂದ ಒಂದು ಕೋಟಿವರೆಗೆ ದಂಡವಿದೆ. ಒಬ್ಬನ ದೂರಿನಿಂದ ಅದೇನೂ ಆಗುವುದಿಲ್ಲ, ದೂರುಗಳ ಸಂಖ್ಯೆ ಬೇಕು. ನನಗೆ ಬೇಕಾಗಿದ್ದದ್ದು ಪತ್ರದಲ್ಲಿ ಬರೆಯಲು ಒಂದು ದೂರಿನ ಸಂಖ್ಯೆ, ಅದು ಸಿಕ್ಕಿತು. 1915ಕ್ಕೆ ಕರೆ ಮಾಡಿ ಗ್ರಾಹಕ ಸಹಾಯವಾಣಿಯಲ್ಲಿಯೂ ಒಂದು ದಾಖಲಿಸಿದೆ.

ಹಳದಿ ಬೋರ್ಡಿನ ವಿಷಯಕ್ಕೆ ಬರುತ್ತೇನೆ, ಏಕೆಂದರೆ ಅಡ್ವೈಸರ್ ಕೊನೆಯವರೆಗೆ ಹಿಡಿದು ನೇತಾಡಿದ್ದು ಅದನ್ನೇ. ವಾಣಿಜ್ಯ ಉದ್ದೇಶಕ್ಕೆ ಕೊಂಡವನು ಗ್ರಾಹಕನಲ್ಲ ಎಂಬುದು ನಿಜ. ಆದರೆ ಸ್ವಂತ ದುಡಿಮೆಯಿಂದ ಹೊಟ್ಟೆ ಹೊರೆಯುವುದಕ್ಕಾಗಿಯೇ ಕೊಂಡ ವಸ್ತು ಆ ಲೆಕ್ಕಕ್ಕೆ ಬರುವುದಿಲ್ಲ ಎಂದು 2019ರ ಗ್ರಾಹಕ ಸಂರಕ್ಷಣಾ ಕಾಯಿದೆಯ ವಿವರಣೆಯಲ್ಲಿಯೇ ಇದೆ. ಒಂದೇ ಕಾರು, ನಾನೇ ಚಾಲಕ. ಹತ್ತು ಕಾರು ಇಟ್ಟು ಸಂಬಳದ ಚಾಲಕರಿಂದ ಓಡಿಸುವವರಿಗೆ ಈ ಮಾತು ನಡೆಯದು. ಪತ್ರದ ಕೊನೆಯ ಸಾಲು ಏನಿತ್ತು ಎಂಬುದನ್ನೂ ನಾನು ಯಾರಿಗೂ ತೋರಿಸಿಲ್ಲ. ಬೆದರಿಕೆ ಅಲ್ಲ, ಇಷ್ಟು ಹೇಳಬಲ್ಲೆ.

ಆರು ವಾರ ಸುದ್ದಿಯಿಲ್ಲ. ಆಮೇಲೆ ಎರಡು ಫೋನ್, ಮೂರು ಮಿಂಚಂಚೆ, ಮತ್ತೆ ಡಬ್ಬಿ ಸೇರಿದ್ದ ಹಳೆಯ ಪಂಪನ್ನು ಸಹಿ ಹಾಕಿಸಿಕೊಂಡು ಒಪ್ಪಿಸಿದ್ದು. ಜನವರಿಯಲ್ಲಿ ಹೊಸ ಪಂಪ್ ಉಚಿತವಾಗಿ ಹಾಕಿದರು, ಕೂಲಿಯೂ ಇಲ್ಲ. ಫೆಬ್ರವರಿಯಲ್ಲಿ ಹೊರಗೆ ಕೊಂಡ ಪಂಪಿನ ಮತ್ತು ಟೋಯಿಂಗಿನ ಹಣ ಬಂತು. ಕಾಯಿಲ್, ಪ್ಲಗ್ಗು, ಟ್ಯಾಂಕ್ ಶುಚಿ ಇವನ್ನು ಕೊಡಲಿಲ್ಲ. ಅದು ನ್ಯಾಯವೇ, ನನ್ನ ದಡ್ಡತನಕ್ಕೆ ಕಂಪೆನಿ ಏಕೆ ಹಣ ಕೊಡಬೇಕು? ತಪ್ಪಿದ ಬಾಡಿಗೆಗೂ ಕೊಡಲಿಲ್ಲ. ಅದು ನ್ಯಾಯವಲ್ಲ, ಆದರೆ ಅದಕ್ಕಾಗಿ ಗ್ರಾಹಕ ಆಯೋಗದ ಮೆಟ್ಟಿಲು ಹತ್ತಿದರೆ ಇನ್ನಷ್ಟು ಬಾಡಿಗೆ ತಪ್ಪುತ್ತಿತ್ತು. ಹೊರಗೆ ಕೊಂಡಿದ್ದ ಪಂಪನ್ನು ಸ್ಟ್ಯಾಂಡಿನಲ್ಲಿ ಎಲ್ಲರಿಗಿಂತ ಜೋರಾಗಿ ನಕ್ಕವರೇ ನಾಲ್ಕು ಸಾವಿರಕ್ಕೆ ಕೊಂಡುಹೋದರು.

ಬಿಲ್ಲುಗಳ ನಕಲು ಕಳುಹಿಸಿ, ಮೂಲಪ್ರತಿ ಕೈಬಿಡಬೇಡಿ. ನನ್ನ ಟೋಯಿಂಗ್ ರಸೀದಿ ಇನ್ನೂ ವಾಪಸ್ ಬಂದಿಲ್ಲ.